ಕೋತಿ ಪಾನಾ

2007ರ ಬೇಸಿಗೆ ರಜೆ. ತಿಪಟೂರಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಆರನೇ ಕ್ಲಾಸ್ ಮುಗಿಸಿದ್ದೆ. ಬೆಂಗಳೂರಿನಿಂದ ಬಂದ ಸೋದರತ್ತೆ ಮಗ ಒಂದು ಸಿ.ಡಿ. ತುಂಬಾ ಹಳೇ ಗೇಮ್‌ಗಳನ್ನು ತಂದಿದ್ದ. ನಮ್ಮದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್, ಹೊಸ ಕಾರ್ ರೇಸ್ ಗೇಮ್‌ಗಳು ಅದರಲ್ಲಿ ಏದುಸಿರು ಬಿಡುತ್ತಿದ್ದವು. ಹಾಗಾಗಿ ನನ್ನ ಪಾಲಿಗೆ ಬಂದದ್ದು ನಾನು ಹುಟ್ಟುವ ಮೊದಲೇ ತಯಾರಾದ ಅಡ್ವೆಂಚರ್ ಗೇಮ್‌ಗಳು. (ಆ ಸಿ.ಡಿ. ದುಡ್ಡು ಕೊಟ್ಟು ಕೊಂಡದ್ದಲ್ಲ, ಒಪ್ಕೋತೀನಿ. ಸಂಬಳ ಬಂದ ಮೇಲೆ ಒಂದೊಂದಾಗಿ ಕೊಂಡು ಋಣ ತೀರಿಸಿದ್ದೇನೆ.)

ಇವುಗಳಲ್ಲಿ ಗುಂಡು ಹಾರಿಸೋದು, ಓಡೋದು ಇರಲ್ಲ. ಒಂದು ಊರು, ಒಂದಷ್ಟು ಜನ, ಬೀಗ ಹಾಕಿದ ಬಾಗಿಲು. ಸಿಕ್ಕಿದ್ದನ್ನೆಲ್ಲ ಜೇಬಿಗೆ ತುಂಬಿಕೊಂಡು, ಯಾವುದನ್ನು ಎಲ್ಲಿ ಬಳಸಬೇಕು ಅಂತ ಕಂಡುಹಿಡಿಯಬೇಕು. ನನಗೆ ಹುಚ್ಚು ಹಿಡಿಸಿದ್ದು 1991ರಲ್ಲಿ ಬಂದ 'ಮಂಕಿ ಐಲ್ಯಾಂಡ್'ನ ಎರಡನೇ ಭಾಗ. ರಾನ್ ಗಿಲ್ಬರ್ಟ್ ಮತ್ತು ಗೆಳೆಯರು ಲ್ಯೂಕಸ್ ಆರ್ಟ್ಸ್‌ನಲ್ಲಿ ಮಾಡಿದ ಕಡಲ್ಗಳ್ಳರ ಕತೆ. ಪರದೆಯ ಕೆಳಗೆ ಒಂಬತ್ತು ಕ್ರಿಯಾಪದಗಳು: ಓಪನ್, ಕ್ಲೋಸ್, ಪುಶ್, ಪುಲ್, ಗಿವ್, ಯೂಸ್, ಪಿಕ್ ಅಪ್, ಲುಕ್ ಅಟ್, ಟಾಕ್ ಟು. 'ಪಿಕ್' ಬೇರೆ, 'ಪಿಕ್ ಅಪ್' ಬೇರೆ ಅಂತ ನನಗೆ ಹೇಳಿಕೊಟ್ಟದ್ದು ಶಾಲೆಯ ಮೇಷ್ಟ್ರಲ್ಲ, ಈ ಒಂಬತ್ತು ಪದಗಳು.

ಪಕ್ಕದಲ್ಲಿ ಇಂಗ್ಲಿಷ್-ಕನ್ನಡ ನಿಘಂಟು ಇಟ್ಟುಕೊಂಡು ಆಡುತ್ತಿದ್ದೆ. ಪರೀಕ್ಷೆಯಲ್ಲಿ ಇಂಗ್ಲಿಷ್ ಮಾರ್ಕ್ಸೇನೂ ಏರಲಿಲ್ಲ ಬಿಡಿ, ಕಡಲ್ಗಳ್ಳರ ಇಂಗ್ಲಿಷಿಗೆ ಅಲ್ಲಿ ಬೆಲೆಯಿಲ್ಲ. ಆದರೆ ಗೊತ್ತಿಲ್ಲದ ಪದ ಎದುರಾದಾಗ ನಿಂತುಬಿಡದೆ, ಊಹೆ ಮಾಡಿ ಮುಂದೆ ಹೋಗೋದು ರೂಢಿಯಾಯಿತು. ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ, ಕ್ಲಾಸಿನ ಅರ್ಧ ಮಾತು ತಲೆ ಮೇಲಿಂದ ಹಾರಿಹೋಗುತ್ತಿದ್ದಾಗ, ನನ್ನನ್ನು ಉಳಿಸಿದ್ದು ಅದೇ.

ಆ ಗೇಮಿನಲ್ಲಿ ಒಂದು ದ್ವೀಪದ ಜಲಪಾತದ ನೆತ್ತಿಯ ಮೇಲೆ ಒಂದು ಪಂಪ್ ಇದೆ. ಅಲ್ಲಿ ನಾನು ಮೂರು ವಾರ ಸಿಕ್ಕಿಕೊಂಡೆ. ತಳ್ಳಿದೆ, ಎಳೆದೆ, ಜೇಬಿನಲ್ಲಿದ್ದ ಒಂದೊಂದನ್ನೂ ಅದಕ್ಕೆ ತಾಗಿಸಿದೆ. ಏನೇನು ಮಾಡಿ ನೋಡಿದೆ ಅಂತ ರಫ್ ನೋಟ್‌ಬುಕ್ಕಿನಲ್ಲಿ ಬರೆದು, ಆಗದ್ದನ್ನು ಹೊಡೆದುಹಾಕುತ್ತಿದ್ದೆ. ಅಪ್ಪನದು ಮೋಟಾರ್ ರಿವೈಂಡಿಂಗ್ ಅಂಗಡಿ. ಒಂದು ರಾತ್ರಿ ಊಟಕ್ಕೆ ಬಂದವರು, ಬೈಯೋಕೆ ಅಂತಲೇ ನನ್ನ ಹಿಂದೆ ನಿಂತವರು, ಪರದೆ ನೋಡಿ ಸುಮ್ಮನಾದರು.

"ಪಂಪಲ್ವೇನೋ ಅದು?"

"ಹೂಂ, ಏನ್ ಮಾಡಿದ್ರೂ ಆಗ್ತಿಲ್ಲ."

"ಕೈಯಲ್ಲಿ ಆಯ್ತದಾ? ಪಾನಾ ಹಾಕ್ಬೇಕು. ಪಾನಾ ಐತೇನೋ ನಿನ್ನತ್ರ?"

ಇಂಗ್ಲಿಷಿನ ಒಂದಕ್ಷರ ಬಾರದ ಅಪ್ಪ, ಇಪ್ಪತ್ತು ಸೆಕೆಂಡಿನಲ್ಲಿ ಅರ್ಧ ಉತ್ತರ ಕೊಟ್ಟಿದ್ದರು. ಸರಿ, ಪಾನಾ ಹುಡುಕುತ್ತಾ ದ್ವೀಪ ದ್ವೀಪ ಸುತ್ತಿದೆ. ಎಲ್ಲೂ ಇಲ್ಲ. ಕೊನೆಗೊಂದು ದಿನ, ಬೇರೇನೋ ಹುಡುಕುತ್ತಾ ನಿಘಂಟಿನಲ್ಲಿ 'ಮಂಕಿ' ಇರುವ ಪುಟಕ್ಕೆ ಬಂದೆ. ಅದರ ಕೆಳಗೇ 'ಮಂಕಿ ರೆಂಚ್'. ಬಾಯಿ ಹಿಗ್ಗಿಸಿ ಕುಗ್ಗಿಸುವ ಪಾನಾಗೆ ಅಮೆರಿಕದ ಹೆಸರು! ನಮ್ಮಲ್ಲಿ ಎಲ್ಲರೂ ಸ್ಪ್ಯಾನರ್ ಅನ್ನೋದು, ರೆಂಚ್ ಅನ್ನೋ ಪದವನ್ನೇ ನಾನು ಕೇಳಿರಲಿಲ್ಲ. ಇನ್ನೊಂದು ದ್ವೀಪದ ಬಾರ್‌ನಲ್ಲಿ ಪಿಯಾನೋ ಬಾರಿಸುವ ಕೋತಿಯೊಂದಿತ್ತು. ಅಲ್ಲಿನ ತಾಳಯಂತ್ರಕ್ಕೆ ಬಾಳೆಹಣ್ಣು ಸಿಕ್ಕಿಸಿದರೆ, ಅದು ಆಚೀಚೆ ಆಡುವುದನ್ನೇ ನೋಡುತ್ತಾ ಕೋತಿ ಮರಗಟ್ಟುತ್ತದೆ. ಆ ಕೋತಿಯನ್ನು ಎತ್ತಿ ಜೇಬಿಗೆ ಹಾಕಿಕೊಂಡು ಬಂದು ಪಂಪಿನ ಮೇಲೆ ತಿರುಗಿಸಬೇಕು. ನೀರು ನಿಂತಿತು, ಹಿಂದಿದ್ದ ಸುರಂಗ ಕಾಣಿಸಿತು. ಅನ್ಯಾಯದ ಒಗಟು ಅಂತ ಜಗತ್ತಿನಾದ್ಯಂತ ಆಟಗಾರರು ಇವತ್ತಿಗೂ ಇದನ್ನು ಬೈತಾರೆ. ಅನ್ಯಾಯವೇ. ಆದರೆ ನಾನು ಅಂಗಡಿಗೆ ಓಡಿಹೋಗಿ ಹೇಳಿದಾಗ ಅಪ್ಪ ನಕ್ಕ ಹಾಗೆ ಅದಕ್ಕೂ ಮೊದಲು ನಕ್ಕಿದ್ದು ನನಗೆ ನೆನಪಿಲ್ಲ.

ಇನ್ನೊಂದು ಪಾಠ ಸಿಯೆರಾ ಕಂಪನಿಯ 'ಕಿಂಗ್ಸ್ ಕ್ವೆಸ್ಟ್' ಐದನೇ ಭಾಗದ್ದು, 1990ರ ಗೇಮ್. ಹಿಮದ ಬೆಟ್ಟದಲ್ಲಿ ರಾಜನಿಗೆ ಹಸಿವಾಗುತ್ತದೆ. ಜೇಬಿನಲ್ಲಿರುವ ಕಡುಬಿನಂಥ ಪೈ ತಿಂದರೆ ಹಸಿವೇನೋ ಹೋಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಎದುರಾಗುವ ಹಿಮಮಾನವನ ಮುಖಕ್ಕೆ ಎಸೆಯಬೇಕಾದದ್ದು ಅದೇ ಪೈ! ತಿಂದಿದ್ದರೆ ಕತೆ ಅಲ್ಲಿಗೆ ಮುಗಿಯಿತು. ತಪ್ಪು ಮಾಡಿದಾಗ ಗೇಮ್ ತುಟಿ ಪಿಟಕ್ಕೆನ್ನಲ್ಲ, ಲೆಕ್ಕ ಆಮೇಲೆ ಕೇಳುತ್ತದೆ. ಸಾಲದ್ದಕ್ಕೆ ನಮ್ಮೂರಲ್ಲಿ ಲೋಡ್ ಶೆಡ್ಡಿಂಗ್, ಮನೆಯಲ್ಲಿ ಯು.ಪಿ.ಎಸ್. ಇಲ್ಲ. ಏನಾದರೂ ಮಾಡುವ ಮುಂಚೆ ಸೇವ್ ಮಾಡೋದು, ಹಳೇ ಸೇವ್ ಅಳಿಸದೆ ಪಕ್ಕದಲ್ಲಿ ಇನ್ನೊಂದು ಮಾಡೋದು, ಇದು ಕೈಗೇ ಅಂಟಿತು.

ಮೊದಲ ಕೆಲಸದಲ್ಲಿ, ಜಾಗ ಸಾಲುತ್ತಿಲ್ಲ ಅಂತ ಡೇಟಾಬೇಸಿನ ಒಂದು ಹಳೇ ಟೇಬಲ್ ಅಳಿಸಲು ನನಗೆ ಹೇಳಿದರು. ಯಾರೂ ಬಳಸುತ್ತಿಲ್ಲ ಅಂತ ಎಲ್ಲರಿಗೂ ಖಾತ್ರಿ. ಅಳಿಸಿದೆ, ಏನೂ ಆಗಲಿಲ್ಲ. ಎರಡು ತಿಂಗಳ ಮೇಲೆ, ಮಾರ್ಚ್ ಕೊನೆಯ ರಾತ್ರಿ, ವರ್ಷಕ್ಕೊಮ್ಮೆ ಮಾತ್ರ ಓಡುವ ಲೆಕ್ಕದ ಪ್ರೋಗ್ರಾಂ ಅದನ್ನೇ ಕೇಳಿತು. ಫೋನ್ ಮೇಲೆ ಫೋನ್. ಯಾರೂ ಹೇಳದಿದ್ದರೂ ನಾನೊಂದು ಪ್ರತಿ ತೆಗೆದಿಟ್ಟಿದ್ದೆ. ಅರ್ಧ ಗಂಟೆಯಲ್ಲಿ ವಾಪಸ್ ಹಾಕಿದೆ. ಮುನ್ನೆಚ್ಚರಿಕೆ ಅಂತ ಮ್ಯಾನೇಜರ್ ಹೊಗಳಿದರು. ಹಿಮಮಾನವನ ವಿಷಯ ನಾನು ಬಾಯಿ ಬಿಡಲಿಲ್ಲ.

ಆದರೆ ಈ ಗೇಮ್‌ಗಳು ಒಂದು ಸುಳ್ಳನ್ನೂ ತಲೆಗೆ ತುಂಬುತ್ತವೆ. ಉತ್ತರ ಇದ್ದೇ ಇದೆ, ನಾನಿನ್ನೂ ನೋಡಿಲ್ಲ ಅಷ್ಟೆ ಅಂತ. ಅಪ್ಪನ ಮಂಡಿ ಕೈಕೊಟ್ಟು, ಅಂಗಡಿಗೆ ಬರುವವರೂ ಕಡಿಮೆಯಾದಾಗ ನಾನು ಹಾಗೇ ಹೊರಟೆ. ಹೊಸ ಬೋರ್ಡ್ ಬರೆಸಿದೆ, ಮೊಬೈಲ್ ಮ್ಯಾಪಿನಲ್ಲಿ ಅಂಗಡಿ ಸೇರಿಸಿದೆ, ಇನ್ನೊಬ್ಬ ಹುಡುಗನನ್ನು ಇಟ್ಟುಕೊಳ್ಳಿ ಅಂದೆ. ಮಾಡಿದ್ದನ್ನೆಲ್ಲ ಪಟ್ಟಿ ಮಾಡಿ, ಒಂದೊಂದಾಗಿ ಹೊಡೆದುಹಾಕುತ್ತಾ ಬಂದೆ. ಪಟ್ಟಿ ಮುಗಿಯಿತು. "ಸಾಕು ಬಿಡೋ, ನಲವತ್ತು ವರ್ಷ ತಿರುಗಿಸಿದ್ದೀನಿ" ಅಂದರು ಅಪ್ಪ. ಹೋದ ವರ್ಷ ಬಾಗಿಲು ಹಾಕಿದರು.

ಸಾಮಾನೆಲ್ಲ ಜೊತೆಗಿದ್ದ ಹುಡುಗನಿಗೇ ಕೊಟ್ಟರು. ಬಾಯಿ ಹಿಗ್ಗಿಸುವ ಆ ದೊಡ್ಡ ಪಾನಾ ಮಾತ್ರ ಗೋಣಿಚೀಲದಲ್ಲಿ ಸುತ್ತಿ ನನ್ನ ಬ್ಯಾಗಿಗೆ ಹಾಕಿದರು. ಈಗದು ಬೆಂಗಳೂರಿನ ನನ್ನ ಬಾಡಿಗೆ ಮನೆಯಲ್ಲಿ, ಅಡುಗೆಮನೆ ಸಿಂಕಿನ ಕೆಳಗಿದೆ. ನಲ್ಲಿ ಸೋರುತ್ತಿದೆ ಅಂತ ಮೊನ್ನೆ ಫೋನ್ ಮಾಡಿದರೆ, ಅಪ್ಪ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ.

"ಕೋತಿ ಪಾನಾ ತಗೊಳೋ," ಅಂದರು. "ಮೊದ್ಲು ಮೇಲಿನ ವಾಲ್ವ್ ಬಂದ್ ಮಾಡು."