ನಿಮಗಿದು ಗೊತ್ತೇ? ಕಿಷ್ಕಿಂಧೆಯ ಮಕ್ಕಳು, ಜಪಾನಿನ ಅನಿಮೆ

★ ಇವತ್ತಿನ ಕೊಪ್ಪಳದ ಹುಡುಗರಿಗೆ ಅನಿಮೆ, ಅಂದರೆ ಜಪಾನಿನ ಕಾರ್ಟೂನು, ಸಿಗುವುದು ಹೆಚ್ಚಾಗಿ ಅರ್ಧ ನಿಮಿಷದ ತುಣುಕಿನಲ್ಲಿ. ಅಪ್ಪನ ಮೊಬೈಲಿನಲ್ಲಿ ರೀಲ್ಸ್ ಸರಿಸುವಾಗ ಕಿತ್ತಳೆ ಬಣ್ಣದ ಅಂಗಿಯ ಹುಡುಗನೊಬ್ಬ ಎರಡೂ ಕೈ ಹಿಂದಕ್ಕೆ ಚಾಚಿ ಓಡುತ್ತಾನೆ. ಮರುದಿನ ಶಾಲೆಯ ಬಯಲಿನಲ್ಲಿ ಅದೇ ಓಟ. ‘ಯಾರಲೇ ಅಂವಾ?’ ‘ನರುಟೊ ಅಲಾ, ಗೊತ್ತಿಲ್ಲೇನು!’ ಹೆಸರು ಸಿಕ್ಕರೆ ಸಾಕು. ಯೂಟ್ಯೂಬಿನಲ್ಲಿ ಹುಡುಕಲು ಅಕ್ಷರ ಕೂಡ ಬೇಡ, ಮೈಕಿನ ಗುಂಡಿ ಒತ್ತಿ ಬಾಯಲ್ಲಿ ಹೇಳಿದರೆ ಆಯಿತು. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಯಲಬುರ್ಗಾದ ಹಳ್ಳಿಗೂ ಟೋಕಿಯೊಗೂ ಇದ್ದ ದೂರ ಹೀಗೆ ಕರಗಿತು.

★ ಕೊಪ್ಪಳ ಜಿಲ್ಲೆಯೂ ಪೊಕೆಮಾನ್ ಟಿವಿ ಸರಣಿಯೂ ಒಂದೇ ವಾರಿಗೆಯವು. ಎರಡೂ ಹುಟ್ಟಿದ್ದು 1997ರಲ್ಲಿ, ಒಂದು ರಾಯಚೂರಿನಿಂದ ಬೇರ್ಪಟ್ಟು, ಇನ್ನೊಂದು ಜಪಾನಿನಲ್ಲಿ. ಆ ಸರಣಿಯ ಪಿಕಾಚು ಭಾರತದ ಕಾರ್ಟೂನ್ ನೆಟ್‌ವರ್ಕ್‌ಗೆ ಬಂದದ್ದು 2003ರಲ್ಲಿ.

★ ಅಪ್ಪ ಅಮ್ಮಂದಿರೇ, ನೀವೂ ಅನಿಮೆ ನೋಡಿದವರೇ! 90ರ ದಶಕದಲ್ಲಿ ಭಾನುವಾರ ದೂರದರ್ಶನದ ಮುಂದೆ ಕೂತು ನೋಡಿದ ಮೋಗ್ಲಿಯ ‘ಜಂಗಲ್ ಬುಕ್’ ಜಪಾನಿನ ನಿಪ್ಪಾನ್ ಅನಿಮೇಶನ್ 1989ರಲ್ಲಿ ಮಾಡಿದ ಸರಣಿ. ಆಗ ಅದನ್ನು ಯಾರೂ ಅನಿಮೆ ಎಂದು ಕರೆಯಲಿಲ್ಲ, ಅಷ್ಟೇ.

★ ನಮ್ಮ ಸರ್ಕಾರಿ ಕನ್ನಡ ಶಾಲೆಯಲ್ಲಿ ಹಿಂದಿ ಶುರುವಾಗುವುದು ಆರನೇ ತರಗತಿಯಲ್ಲಿ. ಆದರೆ ಕುಷ್ಟಗಿಯ ಎರಡನೇ ತರಗತಿಯ ಹುಡುಗಿ ಕಾರ್ಟೂನಿನ ನೊಬಿತಾನ ಅಳುವನ್ನು ಹಿಂದಿಯಲ್ಲೇ ಒಪ್ಪಿಸಬಲ್ಲಳು. ಕಲಿಸಿದವನು ಡೋರೆಮಾನ್. ಈ ನೀಲಿ ಬೆಕ್ಕು 2005ರಲ್ಲಿ ಹಂಗಾಮಾ ಚಾನೆಲ್ಲಿನಲ್ಲಿ ಹಿಂದಿ ಮಾತಾಡತೊಡಗಿತು. ಇದು ನಮ್ಮೂರಿನ ಮಾತಷ್ಟೇ ಅಲ್ಲ. 2013ರಲ್ಲಿ ಬಾಂಗ್ಲಾದೇಶ ಸರ್ಕಾರ ಹಿಂದಿಯ ಡೋರೆಮಾನ್ ಪ್ರಸಾರವನ್ನೇ ನಿಲ್ಲಿಸಿತು. ಮಕ್ಕಳು ಬಂಗಾಳಿ ಬಿಟ್ಟು ಹಿಂದಿಯಲ್ಲಿ ಮಾತಾಡುತ್ತಿದ್ದಾರೆ ಎಂಬುದು ಅವರು ಕೊಟ್ಟ ಕಾರಣ. ಮುಂದೆ ಅದೇ ಬೆಕ್ಕು ಅಲ್ಲಿ ಬಂಗಾಳಿಯಲ್ಲಿ ಮಾತಾಡಿತು. ನಿಲ್ಲಿಸಿದ್ದಕ್ಕಿಂತ ಬಂಗಾಳಿ ಕಲಿಸಿದ್ದು ಒಳ್ಳೆಯ ಕೆಲಸ ಎಂಬುದು ನನ್ನ ಅಭಿಪ್ರಾಯ. ಮಗುವಿಗೆ ಇನ್ನೊಂದು ಭಾಷೆ ಬಂದರೆ ಅದು ಗಳಿಕೆಯೇ. ತನ್ನ ಭಾಷೆಯಲ್ಲಿ ಆ ಕತೆ ಸಿಗದಿದ್ದರೆ ಅದು ನಷ್ಟ.

★ ಗಂಗಾವತಿಯಲ್ಲಿ ಲೆಕ್ಕ ಬೇರೆ. ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಆಂಧ್ರದಿಂದ ಬಂದ ರೈತರು ಭತ್ತದ ಗದ್ದೆಗಳ ನಡುವೆ ಕಟ್ಟಿಕೊಂಡ ಕ್ಯಾಂಪುಗಳು ಇಲ್ಲಿವೆ. ಶ್ರೀರಾಮನಗರ ಅಂಥದ್ದೊಂದು. ಕ್ಯಾಂಪಿನ ಮನೆಗಳಲ್ಲಿ ಅನಿಮೆಯ ತೆಲುಗು ಅವತರಣಿಕೆ ಓಡುತ್ತದೆ, ಊರಿನ ಹುಡುಗರು ಹಿಂದಿಯದು ನೋಡುತ್ತಾರೆ, ಹೈಸ್ಕೂಲು ದಾಟಿದವರು ಜಪಾನಿ ಧ್ವನಿ ಇಟ್ಟುಕೊಂಡು ಇಂಗ್ಲಿಷ್ ಅಡಿಬರಹ ಓದುತ್ತಾರೆ. ಜಗಳ ಮಾತ್ರ ಎಲ್ಲರದೂ ಕನ್ನಡದಲ್ಲಿ: ಅನಿಮೆಯ ವೀರರಲ್ಲಿ ಗೋಕು ಜೋರೋ, ಸೈತಾಮಾ ಜೋರೋ?

★ ಅಂದಹಾಗೆ ಈ ಗೋಕು ಯಾರು ಗೊತ್ತೇ? ಅಕಿರಾ ತೋರಿಯಾಮಾ 1984ರಲ್ಲಿ ಬರೆಯಲು ಶುರುಮಾಡಿದ ‘ಡ್ರ್ಯಾಗನ್ ಬಾಲ್’ನ ನಾಯಕ. ಹುಟ್ಟುವಾಗಲೇ ಬಾಲ, ಕೈಯಲ್ಲಿ ಬೇಕಾದಷ್ಟು ಉದ್ದವಾಗುವ ಕೋಲು, ಏರಿ ಹಾರಲು ಮೋಡ. ಅವನ ಮೂಲ 16ನೇ ಶತಮಾನದ ಚೀನಿ ಕಾದಂಬರಿ ‘ಪಶ್ಚಿಮ ಯಾತ್ರೆ’ಯ ವಾನರವೀರ ಸುನ್ ವುಕಾಂಗ್. ಬೌದ್ಧ ಗ್ರಂಥಗಳನ್ನು ತರಲು ಭಾರತಕ್ಕೆ ಹೊರಟ ಭಿಕ್ಷುವಿನ ಜತೆಗಾರ ಆತ. ಆ ವಾನರನ ಹಿಂದೆ ನಮ್ಮ ಹನುಮಂತನಿದ್ದಾನೆ ಎಂದು ಚೀನಾದ ವಿದ್ವಾಂಸ ಹು ಷಿ 1920ರ ದಶಕದಲ್ಲಿ ವಾದಿಸಿದರು. ಅಲ್ಲ, ಅವನು ಚೀನಾದ ನೆಲದಲ್ಲೇ ಹುಟ್ಟಿದವನು ಎಂದರು ಲೇಖಕ ಲು ಷುನ್. ವಿದ್ವಾಂಸರ ನಡುವೆ ಆ ವಾದ ಇನ್ನೂ ಮುಗಿದಿಲ್ಲ. ಆದರೆ ಅಂಜನಾದ್ರಿಯ ಮೆಟ್ಟಿಲು ಹತ್ತಿ ಬಂದ ಮಗು ‘ಗೋಕು ನಮ್ಮ ಹನುಮಪ್ಪನ ಹಂಗ ಅದಾನಲ್ರೀ’ ಎಂದರೆ ನಗಬೇಡಿ. ಅದು ಕೇಳುತ್ತಿರುವುದು ದೊಡ್ಡ ಪ್ರಶ್ನೆಯನ್ನೇ.

★ ಇನ್ನೂ ಹತ್ತಿರದ ನಂಟು ಬೇಕೇ? ಕಿಷ್ಕಿಂಧೆ ಎನಿಸಿದ ನಮ್ಮ ಆನೆಗೊಂದಿ, ಪಂಪಾ ಸರೋವರ, ಋಷ್ಯಮೂಕ, ಅಂಜನಾದ್ರಿಗಳ ಕತೆಯನ್ನೇ ಜಪಾನಿನವರು ಅನಿಮೆ ಮಾಡಿದ್ದಾರೆ. ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ ಎಂದು ಅದರ ಹೆಸರು. ಯೂಗೋ ಸಾಕೋ ಎಂಬ ಜಪಾನಿ ನಿರ್ಮಾಪಕ 1983ರಲ್ಲಿ ಭಾರತಕ್ಕೆ ಬಂದದ್ದು ಪುರಾತತ್ವಜ್ಞ ಬಿ. ಬಿ. ಲಾಲ್ ಅವರ ಉತ್ಖನನದ ಸಾಕ್ಷ್ಯಚಿತ್ರಕ್ಕಾಗಿ. ರಾಮನ ಕತೆಗೆ ಮನಸೋತು ಜಪಾನಿ ಭಾಷೆಯಲ್ಲಿದ್ದ ಹತ್ತು ರಾಮಾಯಣಗಳನ್ನು ಓದಿದರು. ದೇವರನ್ನು ಮನುಷ್ಯ ನಟರಿಗಿಂತ ಚಿತ್ರವೇ ಚೆನ್ನಾಗಿ ತೋರಿಸಬಲ್ಲದು ಎಂದು ಅವರಿಗೆ ಅನ್ನಿಸಿತು. ಹೊರದೇಶದವರು ರಾಮಾಯಣ ಮುಟ್ಟಬಾರದೆಂದು ಇಲ್ಲಿ ಆಕ್ಷೇಪ ಬಂತು, ಭಾರತ ಸರ್ಕಾರ ಕೈಜೋಡಿಸಲಿಲ್ಲ. ಆದರೂ ಅವರು ಬಿಡಲಿಲ್ಲ. ಭಾರತೀಯ ಅನಿಮೇಶನ್ನಿನ ಹಿರಿಯ ರಾಮ್ ಮೋಹನ್, ಜಪಾನಿನ ಕೋಯಿಚಿ ಸಾಸಾಕಿ ಜತೆಗೂಡಿದರು. ಸುಮಾರು 450 ಕಲಾವಿದರು ಕೈಯಲ್ಲಿ ಬಿಡಿಸಿದ ಸುಮಾರು ಒಂದು ಲಕ್ಷ ಚಿತ್ರಹಾಳೆಗಳಿಂದ ಸಿನಿಮಾ ಸಿದ್ಧವಾಯಿತು. 1993ರ ಜನವರಿಯಲ್ಲಿ ದೆಹಲಿಯ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಹಿಂದಿಯಲ್ಲಿ ರಾಮನಿಗೆ ದನಿ ಕೊಟ್ಟವರು ಟಿವಿಯ ರಾಮ ಅರುಣ್ ಗೋವಿಲ್, ರಾವಣನಿಗೆ ಅಮರೀಶ್ ಪುರಿ. ಸಂಗೀತ ವನರಾಜ್ ಭಾಟಿಯಾ ಅವರದು.

ಈ ಸಿನಿಮಾ 2025ರ ಜನವರಿ 24ರಂದು ಹೊಸ ಹೊಳಪಿನಲ್ಲಿ ಭಾರತದ ಚಿತ್ರಮಂದಿರಗಳಿಗೆ ಮರಳಿತು. ಭಾಷೆಗಳು: ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಕಿಷ್ಕಿಂಧೆ ಇರುವ ನಾಡಿನ ಭಾಷೆ ಆ ಪಟ್ಟಿಯಲ್ಲಿ ಇರಲಿಲ್ಲ. ಇದನ್ನು ಬರೆಯುವಾಗ ನನಗೆ ನಿಜಕ್ಕೂ ನೋವಾಗುತ್ತದೆ.

★ ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟು ಓಡುತ್ತವೆ. ಆದರೆ ಟಿವಿ ಅನಿಮೆಯಲ್ಲಿ ಬಹಳ ಸಲ ಸೆಕೆಂಡಿಗೆ ಎಂಟೇ ಹೊಸ ಚಿತ್ರ, ಒಂದೊಂದೂ ಮೂರು ಚೌಕಟ್ಟು ನಿಲ್ಲುತ್ತದೆ. 1963ರ ಜನವರಿ 1ರಂದು ಶುರುವಾದ ‘ಆಸ್ಟ್ರೊ ಬಾಯ್’ ಸರಣಿಗೆ ಒಸಾಮು ತೆಝುಕಾ ಖರ್ಚು ಉಳಿಸಲು ಈ ದಾರಿ ಹಿಡಿದರು. ಮೈ ಅಲುಗದು, ಬಾಯಿ ಮಾತ್ರ ಅಲುಗುತ್ತದೆ. ಉಳಿದದ್ದನ್ನು ದನಿ, ಸಂಗೀತ, ನೋಡುವವನ ಮನಸ್ಸು ತುಂಬಿಕೊಳ್ಳುತ್ತವೆ.

ಈ ಗುಟ್ಟು ನಮ್ಮ ಜಿಲ್ಲೆಗೆ ಹೊಸದಲ್ಲ. ತೊಗಲುಗೊಂಬೆಯಾಟದಲ್ಲಿಯೂ ಅಲುಗುವುದು ಒಂದು ಕೈ, ಒಂದು ತಲೆ. ಹದಮಾಡಿದ ತೊಗಲನ್ನು ಬೆಳಕು ತೂರುವಷ್ಟು ತೆಳ್ಳಗೆ ಮಾಡಿ, ಕೊರೆದು, ಬಣ್ಣ ಹಚ್ಚಿ, ಬಿಳಿ ಪರದೆಯ ಹಿಂದೆ ದೀಪ ಇಟ್ಟು ಆಡಿಸುತ್ತಾರೆ. ಕೆಲವು ಗೊಂಬೆಗಳಲ್ಲಿ ಒಂದೇ ತೊಗಲಿನ ಮೇಲೆ ಒಂದಿಡೀ ದೃಶ್ಯವೇ ಇರುತ್ತದೆ. ಯುದ್ಧವನ್ನು ಯುದ್ಧವಾಗಿಸುವುದು ಹಾಡು, ಮಾತು, ತಾಳ. ಕೊಪ್ಪಳ ತಾಲ್ಲೂಕಿನ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಈ ಕಲೆಯನ್ನು ಹಲವು ದೇಶಗಳಿಗೆ ಒಯ್ದವರು. 2025ರಲ್ಲಿ, 96ರ ವಯಸ್ಸಿನಲ್ಲಿ, ಅವರಿಗೆ ಪದ್ಮಶ್ರೀ ಬಂತು. ನಿಮ್ಮ ಮಗ ಅನಿಮೆ ಹುಚ್ಚನೇ? ಬೈಯುವ ಮೊದಲು ಒಮ್ಮೆ ತೊಗಲುಗೊಂಬೆಯಾಟ ತೋರಿಸಿ. ಪರದೆಯ ಮುಂದೆ ಕೂತ ಮೇಲೆ ಅವನಿಗೆ ವಿವರಿಸಬೇಕಾದ್ದು ಏನೂ ಇರುವುದಿಲ್ಲ.

★ ಜಪಾನಿಗೂ ಇಂಥದೇ ಹಿನ್ನೆಲೆ. 1930ರ ದಶಕದಲ್ಲಿ ಅಲ್ಲಿ ಸೈಕಲ್ ಮೇಲೆ ಕಟ್ಟಿಗೆಯ ಪೆಟ್ಟಿಗೆ ಹೊತ್ತು ಓಣಿ ಓಣಿಗೆ ಬರುತ್ತಿದ್ದ ಕತೆಗಾರರಿದ್ದರು. ಮಕ್ಕಳಿಗೆ ಮಿಠಾಯಿ ಮಾರಿ, ಒಂದೊಂದೇ ಚಿತ್ರಫಲಕ ಸರಿಸುತ್ತ ಕತೆ ಹೇಳುವ ಈ ಕಲೆ ಕಾಮಿಶಿಬಾಯ್. ಮುಂದೆ ಮಂಗಾ, ಅಂದರೆ ಜಪಾನಿ ಚಿತ್ರಕತೆ, ಬರೆದ ಶಿಗೆರು ಮಿಝುಕಿಯಂಥವರು ಮೊದಲು ಈ ಫಲಕಗಳಿಗೆ ಚಿತ್ರ ಬಿಡಿಸುತ್ತಿದ್ದರು.

★ 2025ರ ಮಾರ್ಚಿನಲ್ಲಿ ಊರೆಲ್ಲ ತನ್ನ ಫೋಟೊಗಳನ್ನು ಕೃತಕ ಬುದ್ಧಿಮತ್ತೆಯಿಂದ ‘ಘಿಬ್ಲಿ’ ಮಾಡಿಸಿಕೊಂಡಿತು. ಮದುವೆ ಫೋಟೊ, ಮಗುವಿನ ಫೋಟೊ, ಗವಿಮಠದ ಮುಂದೆ ನಿಂತ ಫೋಟೊ. ಕೆಲವೇ ಕ್ಷಣದ ಕೆಲಸ. ಆ ಶೈಲಿಯ ಮೂಲವಾದ ಜಪಾನಿನ ಸ್ಟುಡಿಯೊ ಘಿಬ್ಲಿಯಲ್ಲಿ ಹಯಾವೊ ಮಿಯಾಝಾಕಿಯ ‘ದಿ ವಿಂಡ್ ರೈಸಸ್’ ಸಿನಿಮಾದ ನಾಲ್ಕು ಸೆಕೆಂಡಿನ ಜನಜಂಗುಳಿಯ ದೃಶ್ಯಕ್ಕೆ ಒಬ್ಬ ಕಲಾವಿದ ಹಿಡಿದ ಸಮಯ ಒಂದು ವರ್ಷ ಮೂರು ತಿಂಗಳು. ಮಕ್ಕಳಿಗೆ ಫೋಟೊ ತೋರಿಸಿದವರು ಇದನ್ನೂ ಹೇಳಿ.

★ ಕತ್ತಲೆ ಕೋಣೆಯಲ್ಲಿ ಮೊಬೈಲನ್ನು ಮೂಗಿಗೆ ಹಿಡಿದು ನೋಡುವ ಮಕ್ಕಳಿಗೆ: 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೊಕೆಮಾನ್‌ನ ಒಂದು ಕಂತಿನಲ್ಲಿ ಕೆಂಪು–ನೀಲಿ ಬೆಳಕು ವೇಗವಾಗಿ ಮಿನುಗಿ ಸುಮಾರು 685 ಮಕ್ಕಳು ಆಸ್ಪತ್ರೆ ಸೇರಿದರು. ಸರಣಿ ನಾಲ್ಕು ತಿಂಗಳು ನಿಂತಿತು. ಅಂದಿನಿಂದ ಅಲ್ಲಿನ ಹಲವು ಅನಿಮೆ ಕಾರ್ಯಕ್ರಮಗಳ ಆರಂಭದಲ್ಲಿ ‘ಕೋಣೆಯಲ್ಲಿ ಬೆಳಕಿರಲಿ, ದೂರ ಕೂತು ನೋಡಿ’ ಎಂಬ ಸೂಚನೆ ಬರುತ್ತದೆ. ಮಕ್ಕಳ ಕೈಗೆ ಫೋನು ಕೊಡುವ ಎಲ್ಲ ಮನೆಗಳಿಗೂ ಈ ಮಾತು ಬೇಕು.

★ ಎಲ್ಲ ಅನಿಮೆಯೂ ಮಕ್ಕಳದಲ್ಲ! ‘ಅಟ್ಯಾಕ್ ಆನ್ ಟೈಟನ್’, ‘ಡೆತ್ ನೋಟ್’ ದೊಡ್ಡವರಿಗೆ. ‘ಡೀಮನ್ ಸ್ಲೇಯರ್’ನಲ್ಲಿ ರಕ್ತ ಧಾರಾಳ. ಕಾರ್ಟೂನು ತಾನೇ ಎಂದು ನಾಲ್ಕು ವರ್ಷದ ಮಗುವಿನ ಮುಂದೆ ಹಚ್ಚಿಟ್ಟು ಅಡುಗೆಮನೆಗೆ ಹೋಗಬೇಡಿ. ಭಾರತ ಸರ್ಕಾರ 2008ರಲ್ಲಿ ಕಾರ್ಟೂನು ಹುಡುಗ ಶಿನ್‌ಚಾನ್‌ಗೂ ತಡೆ ಹಾಕಿತ್ತು, ಮರುವರ್ಷ ಕತ್ತರಿ ಆಡಿಸಿಕೊಂಡು ಅವನು ಮರಳಿದ. ಕದ್ದ ಪ್ರತಿಗಳ ಟೆಲಿಗ್ರಾಂ ಗುಂಪುಗಳಲ್ಲಿ ವಯಸ್ಸಿನ ಸೂಚನೆ ಇರುವುದಿಲ್ಲ, ಕೊಂಡಿ ಒತ್ತಿದರೆ ಬೇಡದ ಜಾಹೀರಾತು ತೆರೆದುಕೊಳ್ಳುತ್ತದೆ. ಮ್ಯೂಸ್ ಇಂಡಿಯಾದ ಯೂಟ್ಯೂಬ್ ಚಾನೆಲ್ಲಿನಲ್ಲಿ ಹಲವು ಸರಣಿಗಳು ಕಾನೂನುಬದ್ಧವಾಗಿ, ಕಾಸಿಲ್ಲದೆ ಸಿಗುತ್ತವೆ.

★ ನರುಟೊ ಬೆರಳು ಹೆಣೆದು ಮಾಡುವ ಮುದ್ರೆಗಳ ಬೇರು ಬೌದ್ಧ ತಂತ್ರದ ಮುದ್ರೆಗಳಲ್ಲಿದೆ. ಅದೇ ಪರಂಪರೆಯ, ಜಪಾನಿನ ದೇಗುಲಗಳಲ್ಲಿ ಬೀಜಮಂತ್ರ ಬರೆಯುವ ಸಿದ್ಧಂ ಲಿಪಿಯನ್ನು 9ನೇ ಶತಮಾನದ ಆರಂಭದಲ್ಲಿ ಕೂಕಾಯ್ ಎಂಬ ಭಿಕ್ಷು ಚೀನಾದಿಂದ ಕಲಿತು ತಂದ. ಅದು ಬ್ರಾಹ್ಮಿಯ ಸಂತಾನ, ಕನ್ನಡ ಲಿಪಿಯೂ ಬ್ರಾಹ್ಮಿಯದೇ ಸಂತಾನ. ಆ ಬ್ರಾಹ್ಮಿಯನ್ನು ನೋಡಲು ಕೊಪ್ಪಳದ ಮಕ್ಕಳು ದೂರ ಹೋಗಬೇಕಿಲ್ಲ. ಗವಿಮಠದ ಬಂಡೆಯಲ್ಲೂ ಪಾಲ್ಕಿಗುಂಡಿನಲ್ಲೂ ಬ್ರಾಹ್ಮಿಯಲ್ಲಿ ಕೊರೆದ ಅಶೋಕನ ಶಾಸನಗಳಿವೆ. ಜಪಾನಿ ಅಕ್ಷರಮಾಲೆಯ ಅನುಕ್ರಮ ‘ಅ, ಇ, ಉ, ಎ, ಒ’, ಆಮೇಲೆ ‘ಕ, ಸ, ತ, ನ’. ಇದಕ್ಕೂ ಮಾದರಿ ಸಂಸ್ಕೃತದ ವರ್ಣಮಾಲೆಯೇ. ಅನಿಮೆಯ ಆಸೆಗೆ ಜಪಾನಿ ಕಲಿಯಹೊರಟ ಹುಡುಗಿಗೆ ಮೊದಲ ಪಾಠ ಅರ್ಧ ಬಂದೇ ಇರುತ್ತದೆ.

★ ಹಾಗಾದರೆ ಕನ್ನಡದ ಧ್ವನಿ ಎಲ್ಲಿ? ಸಿನಿಮಾ, ಧಾರಾವಾಹಿಗಳ ಡಬ್ಬಿಂಗಿಗೆ ದಶಕಗಳ ಕಾಲ ಚಿತ್ರರಂಗದ ವಿರೋಧವಿತ್ತು. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2015ರ ಜುಲೈನಲ್ಲಿ ಆ ವಿರೋಧ ತಪ್ಪೆಂದು ಆದೇಶ ಕೊಟ್ಟಿತು. ಮಕ್ಕಳ ಚಾನೆಲ್ ಚಿಂಟು ಟಿವಿ ಅದಕ್ಕೂ ಮೊದಲೇ, 2009ರಲ್ಲಿ, ಕಾರ್ಟೂನುಗಳಿಗೆ ಕನ್ನಡ ಮಾತು ಕಲಿಸಿತ್ತು. 2025ರ ಜುಲೈನಲ್ಲಿ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ಅನಿಮೇಶನ್ ಸಿನಿಮಾ ‘ಮಹಾವತಾರ ನರಸಿಂಹ’ ಕನ್ನಡದಲ್ಲೂ ತೆರೆಕಂಡಿತು. ಎಲ್ಲ ಭಾಷೆ ಸೇರಿ ಅದರ ಗಳಿಕೆ 300 ಕೋಟಿ ರೂಪಾಯಿ ದಾಟಿತು. ಎರಡು ತಿಂಗಳೊಳಗೇ, ಸೆಪ್ಟೆಂಬರ್ 12ರಂದು, ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಬಂದಾಗ ನಮ್ಮ ಮಕ್ಕಳ ಮುಂದಿದ್ದ ಆಯ್ಕೆ ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು.

ಡಬ್ಬಿಂಗ್ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಯೂಗೋ ಸಾಕೋ ಅವರ ರಾಮಾಯಣದಿಂದಲೇ ಕನ್ನಡದ ಕೆಲಸ ಆರಂಭಿಸಿ. ವಾಲಿ, ಸುಗ್ರೀವ, ಹನುಮಂತರಿಗೆ ದನಿ ಹುಡುಕುತ್ತ ಬೆಂಗಳೂರಿನಲ್ಲೇ ನಿಲ್ಲಬೇಡಿ. ಕುಷ್ಟಗಿ, ಯಲಬುರ್ಗಾ ಕಡೆಗೆ ಬನ್ನಿ. ಬೆಳ್ಳಂಬೆಳಗಿನ ತನಕ ಬಯಲಾಟದಲ್ಲಿ ರಾಕ್ಷಸನಾಗಿ ಗರ್ಜಿಸುವ ಗಂಟಲುಗಳು ಇಲ್ಲಿನ ಹಳ್ಳಿಗಳಲ್ಲಿವೆ.