ನೂರು ಸಲ ಬರೆದರೆ ಲೆಕ್ಕ ಯಾಕೆ ತಪ್ಪುತ್ತದೆ?

ಗೆಳೆಯ ಗೆಳತಿಯರೇ, ಈ ಸಲದ ಗೋಡೆ ಪತ್ರಿಕೆಗೆ ವಿಜ್ಞಾನದ ಲೇಖನ ಬರೆಯುವ ಪಾಳಿ ನನ್ನದು.

ಹೋದ ತಿಂಗಳು ನಾನು ‘ವಿದ್ಯಾರ್ಥಿ’ ಪದವನ್ನು ತಪ್ಪು ಬರೆದು, ಅದನ್ನೇ ನೂರು ಸಲ ಬರೆದುಕೊಂಡು ಬಂದದ್ದು ನಿಮಗೆಲ್ಲ ಗೊತ್ತದ. ನಕ್ಕವರೂ ನೀವೇ. ಎಣಿಸಿ ನೋಡಿದರೆ ನೂರಾ ನಾಲ್ಕು ಆಗಿದ್ದವು! ಪಾಠ ನಕಲು ಮಾಡುವಾಗ ಹಂಗಾಗಲ್ಲ, ಯಾಕಂದ್ರ ಒಂದೊಂದು ಸಾಲೂ ಬೇರೆ ಬೇರೆ. ಒಂದೇ ಪದ ಮತ್ತೆ ಮತ್ತೆ ಬಂದರೆ ಎಲ್ಲಿದ್ದೀವಿ ಅನ್ನೋದೇ ತಿಳಿಯದು. ನಮ್ಮ ಮೈಯೊಳಗೂ ಇಂಥದೇ ತಪ್ಪು ನಡೆಯುತ್ತದೆ ಎಂದು ನನಗೆ ತಿಳಿದದ್ದು ನಮ್ಮ ಮಾಮಾ ಅವರಿಂದ. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಮಾಮಾ ಗೋಡೆ ಹಿಡಿದು ನಡೆಯುವುದನ್ನು ನೀವು ನೋಡಿದ್ದೀರಿ. ಕಾಲು ಅಗಲ ಇಟ್ಟು, ಅತ್ತ ಇತ್ತ ತೂರಾಡುತ್ತಾರೆ. ಮಾತೂ ತಡವರಿಸುತ್ತದೆ. “ಮುಂಜಾನೇ ಕುಡ್ದು ಬಂದಾನ ನೋಡು” ಅಂತ ಬಸ್ಸಿನ್ಯಾಗ ಮಂದಿ ಅಂದಿದ್ದಾರೆ. ಅವರು ಒಂದು ದಿನವೂ ಕುಡಿದವರಲ್ಲ. ನಮ್ಮ ಮುತ್ಯಾನಿಗೂ ಹಿಂಗೇ ಆಗಿತ್ತಂತೆ. ಆದರೆ ಅವರಿಗೆ ಐವತ್ತು ದಾಟಿದ ಮೇಲೆ, ಮಾಮಾನಿಗೆ ಮೂವತ್ನಾಲ್ಕಕ್ಕೇ. ಮನೆಯಲ್ಲಿ ಇದನ್ನು ಶಾಪ ಎಂದುಕೊಂಡಿದ್ದರು. ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದಾಗ ರಕ್ತ ಪರೀಕ್ಷೆ ಮಾಡಿ, ಇದು ಶಾಪ ಅಲ್ಲ, ಒಂದು ಜೀನಿನಲ್ಲಿ ಮೂರು ಅಕ್ಷರ ಹೆಚ್ಚು ಸಲ ಬಂದಾವ ಅಂತ ಹೇಳಿದರು.

ಮೂರು ಅಕ್ಷರ ಹೆಚ್ಚಾದರೆ ನಡಿಗೆ ಯಾಕೆ ಕೆಡಬೇಕು? ವಿಜ್ಞಾನದ ಸರ್ ಹತ್ತಿರ ಹೋಗಿ ಕೇಳಿದೆ. ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ.

ನಮ್ಮ ಜೀವಕೋಶದಲ್ಲಿ 46 ವರ್ಣತಂತುಗಳು ಇರುತ್ತವೆ ಎಂದು ಪಾಠದಲ್ಲಿ ಓದಿದ್ದೇವೆ. ಅವುಗಳೊಳಗಿನ ಡಿಎನ್‌ಎ ಎರಡು ಎಳೆಯ ದಾರ. ಅದರ ಬರಹಕ್ಕೆ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರ. ಎ ಎದುರಿಗೆ ಟಿ, ಜಿ ಎದುರಿಗೆ ಸಿ ಕೂಡುತ್ತವೆ, ಚೀಲದ ಜಿಪ್ಪಿನ ಹಲ್ಲು ಕೂಡಿದ ಹಾಗೆ. ಜೀವಕೋಶ ಎರಡಾಗುವ ಮೊದಲು ಜಿಪ್ಪು ಬಿಚ್ಚಿ ಪೂರ್ತಿ ನಕಲು ಆಗಬೇಕು. ನಮ್ಮ ಡಿಎನ್‌ಎಯಲ್ಲಿ ಸುಮಾರು ಅರ್ಧ ಭಾಗ ಬಂದದ್ದೇ ಮತ್ತೆ ಬರುವ ಬರಹ. ಮೊದಲು ಇದನ್ನು ಕಸ ಎಂದೇ ಕರೆಯುತ್ತಿದ್ದರಂತೆ.

ಈಗ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದ ಚಿತ್ರ ನೋಡಿರಿ. ಸಿಎಜಿ ಸಿಎಜಿ ಸಿಎಜಿ ಎಂದು ಉದ್ದಕ್ಕೂ ಇರುವ ಒಂಟಿ ಎಳೆ ಸಡಿಲವಾದರೆ ಏನಾಗುತ್ತದೆ? ಅದು ತನ್ನ ಮೇಲೆ ತಾನೇ ಬಾಗುತ್ತದೆ. ಆಗ ಈ ಕಡೆಯ ಸಿ ಆ ಕಡೆಯ ಜಿ ಜೊತೆ, ಈ ಕಡೆಯ ಜಿ ಆ ಕಡೆಯ ಸಿ ಜೊತೆ ಕೂಡುತ್ತದೆ. ಎರಡು ಎ ಮಾತ್ರ ಎದುರುಬದುರು ಸುಮ್ಮನೆ ಕೂಡ್ರುತ್ತವೆ, ಜಗಳಾಡಿದ ಅಣ್ಣತಮ್ಮಂದಿರ ಹಾಗೆ. ಅಕ್ಕಂದಿರು ಜಡೆಗೆ ಹಾಕುವ ಪಿನ್ನಿನ ಆಕಾರ ಬರುತ್ತದೆ. ಅದಕ್ಕೇ ಇದರ ಹೆಸರು ಹೇರ್‌ಪಿನ್. ಬೇರೆ ಬೇರೆ ಅಕ್ಷರಗಳ ಸಾಲು ಬಾಗಿದರೆ ಹೀಗೆ ಜೋಡಿ ಸಿಗುವುದು ಅಪರೂಪ.

ನಕಲಾಗುವಾಗ ಹೊಸ ಎಳೆಯಲ್ಲಿ ಇಂಥ ಪಿನ್ನು ಎದ್ದರೆ, ಬರೆದದ್ದರಲ್ಲಿ ಸ್ವಲ್ಪ ಪಿನ್ನಿನೊಳಗೆ ಮಡಚಿಹೋಗಿ ಲೆಕ್ಕಕ್ಕೆ ಬರುವುದಿಲ್ಲ. ನಕಲು ಮಾಡುವ ಯಂತ್ರ ಇನ್ನೂ ಬರೆದಿಲ್ಲ ಅಂತ ತಿಳಿದು ಮತ್ತೆ ಬರೆಯುತ್ತದೆ. ನನ್ನ ನೂರಾ ನಾಲ್ಕರ ಹಾಗೆಯೇ! ತಂದೆಯಿಂದ ಮಗನಿಗೆ ಬರುವಾಗ ಸಾಲು ಇನ್ನೂ ಉದ್ದ ಆಗಬಹುದು. ಉದ್ದ ಆದಷ್ಟೂ ರೋಗ ಬೇಗ ಬರುತ್ತದೆ. ಮುತ್ಯಾನಿಗಿಂತ ಮಾಮಾನಿಗೆ ಬೇಗ ಬಂದದ್ದು ಇದಕ್ಕೇ.

ಮಾಮಾನ ರೋಗಕ್ಕೆ ಎಸ್‌ಸಿಎ 2 ಎಂದು ಹೆಸರು. ಅದರ ಜೀನು ಸಿಕ್ಕಿದ್ದು 1996ರಲ್ಲಿ. ಹೆಚ್ಚಿನ ಮಂದಿಯಲ್ಲಿ ಆ ಜಾಗದ ಸಾಲು 22 ಸಲ ಇರುತ್ತದೆ. 33 ಅಥವಾ ಹೆಚ್ಚಾದರೆ ರೋಗ. ಆ ಜೀನಿನಿಂದ ತಯಾರಾಗುವ ಪ್ರೋಟೀನಿನಲ್ಲಿ ಗ್ಲುಟಮಿನ್ ಎಂಬ ಒಂದೇ ಮಣಿಯ ಸರ ಉದ್ದ ಆಗಿ, ನಡಿಗೆ ಸಂಭಾಳಿಸುವ ಅನುಮಸ್ತಿಷ್ಕದ ಕೋಶಗಳು ನಿಧಾನಕ್ಕೆ ಕೆಡುತ್ತವೆ.

ನನಗೆ ಬಹಳ ಸೇರಿದ್ದು ಮುಂದಿನ ಸಂಗತಿ. ಆರೋಗ್ಯವಂತರ ಆ 22ರಲ್ಲಿ ಎಲ್ಲವೂ ಸಿಎಜಿ ಅಲ್ಲ. ಸಾಮಾನ್ಯವಾಗಿ ಎಂಟು ಸಿಎಜಿ, ಒಂದು ಸಿಎಎ, ನಾಲ್ಕು ಸಿಎಜಿ, ಮತ್ತೊಂದು ಸಿಎಎ, ಆಮೇಲೆ ಎಂಟು ಸಿಎಜಿ. ಸಿಎಎ ಬರೆದರೂ ಸಿಎಜಿ ಬರೆದರೂ ಅರ್ಥ ಒಂದೇ, ಅದೇ ಗ್ಲುಟಮಿನ್. ಆದರೆ ನಡುವೆ ಸಿಎಎ ಬಂದರೆ ಪಿನ್ನು ಸರಿಯಾಗಿ ಕೂಡುವುದಿಲ್ಲ, ಲೆಕ್ಕ ಜಾರುವುದಿಲ್ಲ. ರೋಗ ಬಂದವರಲ್ಲಿ ಹೆಚ್ಚಾಗಿ ಈ ಗುರುತೇ ಇರುವುದಿಲ್ಲ. 2001ರಲ್ಲಿ ದೆಹಲಿಯ ಸಂಶೋಧಕರು ನಮ್ಮ ದೇಶದ ಮಂದಿಯಲ್ಲೇ ಪರೀಕ್ಷಿಸಿ, ಸಿಎಎಗಳು ಸಾಲನ್ನು ಗೂಟ ಬಡಿದ ಹಾಗೆ ಹಿಡಿದಿಡುತ್ತವೆ ಎಂದು ತೋರಿಸಿದರು. ನಾನೂ ಈಗ ಹತ್ತು ಸಲಕ್ಕೊಮ್ಮೆ ಕೆಂಪು ಪೆನ್ನಿನಲ್ಲಿ ಬರೆಯುತ್ತೇನೆ. ಲೆಕ್ಕ ತಪ್ಪುವುದಿಲ್ಲ.

ಹಂಗಂತ ಮಡಿಕೆ ಅಂದ್ರ ಕೆಟ್ಟದ್ದೇ ಅಂತ ತಿಳೀಬ್ಯಾಡ್ರಿ. ಕಂಬಳಿಯ ಅಂಚಿನಲ್ಲಿ ಎಳೆ ಬಿಚ್ಚದಿರಲಿ ಎಂದು ಗಂಟು ಹಾಕುವುದಿಲ್ಲವೇ? ವರ್ಣತಂತುವಿನ ತುದಿಯಲ್ಲೂ ಟಿಟಿಎಜಿಜಿಜಿ ಎಂಬ ಆರು ಅಕ್ಷರ ಸಾವಿರಾರು ಅಕ್ಷರದ ಉದ್ದಕ್ಕೆ ಮತ್ತೆ ಮತ್ತೆ ಬರುತ್ತವೆ. ಆ ತುದಿಗೆ ಟೆಲೊಮಿಯರ್ ಅನ್ನುತ್ತಾರೆ. ಅದರಲ್ಲಿ ನಾಲ್ಕು ಜಿಗಳು ಚೌಕವಾಗಿ ಕೈ ಹಿಡಿದು, ಒಂದರ ಮೇಲೊಂದು ಮೂರು ಚೌಕ ಕೂಡ್ರಬಲ್ಲವು. ನಡುವೆ ಪೊಟ್ಯಾಸಿಯಂ ಅಯಾನು ಗೂಟದ ಹಾಗೆ ನಿಲ್ಲುತ್ತದೆ. ಇದು ಎರಡೆಳೆಯಲ್ಲ, ನಾಲ್ಕೆಳೆಯ ಮಡಿಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಮೀರ್ ಬ್ರಹ್ಮಚಾರಿ, ಮಂಜು ಬನ್ಸಲ್, ಶಶಿಶೇಖರನ್ ಮತ್ತು ಅವರ ಜೊತೆಗಾರರು 1992ರಲ್ಲೇ ಟೆಲೊಮಿಯರಿನ ಅಕ್ಷರಗಳು ಪಿನ್ನಿನ ಹಾಗೂ, ಹೀಗೆ ನಾಲ್ಕೆಳೆಯಾಗಿಯೂ ಮಡಚುವುದನ್ನು ಪ್ರಕಟಿಸಿದ್ದರು. ದೆಹಲಿಯ ಆ 2001ರ ಕೆಲಸದಲ್ಲೂ ಇದೇ ಬ್ರಹ್ಮಚಾರಿಯವರಿದ್ದರು. ಮನುಷ್ಯರ ಜೀವಕೋಶದೊಳಗೆ ಈ ನಾಲ್ಕೆಳೆಯನ್ನು ಕಣ್ಣಿಗೆ ಕಾಣುವಂತೆ ತೋರಿಸಿದ್ದು 2013ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ಆ ತಂಡದ ಮುಖ್ಯಸ್ಥ ಶಂಕರ್ ಬಾಲಸುಬ್ರಮಣಿಯನ್ ಹುಟ್ಟಿದ್ದು ಚೆನ್ನೈಯಲ್ಲಿ. ಹೆಚ್ಚಿನ ಸಸ್ಯಗಳಲ್ಲಿ ಟೆಲೊಮಿಯರಿಗೆ ಒಂದು ಟಿ ಹೆಚ್ಚು, ಟಿಟಿಟಿಎಜಿಜಿಜಿ. ನಮ್ಮ ಹೊಲದ ತೊಗರಿಗೆ 22 ವರ್ಣತಂತು, ಅಂದರೆ ಒಂದೊಂದು ಕೋಶದಲ್ಲಿ 44 ತುದಿ.

ಮತ್ತೆ ಮಾಮಾನ ವಿಷಯಕ್ಕೆ ಬರುತ್ತೇನೆ. ಈ ರೋಗವನ್ನು ಪೂರ್ತಿ ವಾಸಿ ಮಾಡುವ ಔಷಧಿ ಇನ್ನೂ ಇಲ್ಲ. ದಿನಾ ವ್ಯಾಯಾಮ ಮಾಡಿಸಲು ಹೇಳಿದ್ದಾರೆ. ಸಂಜೆ ನಾನೇ ಹಿಡಿದು ನಡೆಸುತ್ತೇನೆ. ರೋಗ ಇದ್ದವರ ಪ್ರತಿ ಮಗುವಿಗೂ ಆ ಜೀನು ಬರುವ ಸಾಧ್ಯತೆ ಅರ್ಧಕ್ಕರ್ಧ, ಗಂಡಾಗಲಿ ಹೆಣ್ಣಾಗಲಿ. ನಮ್ಮವ್ವ ಮಾಮಾನ ತಂಗಿ. ನಾನು ಅವ್ವನ ಮಗ. ರೋಗದ ಲಕ್ಷಣ ಇಲ್ಲದ ಮಕ್ಕಳಿಗೆ 18 ತುಂಬುವ ತನಕ ಈ ಪರೀಕ್ಷೆ ಮಾಡುವುದಿಲ್ಲವಂತೆ. ಆಮೇಲೂ ಮಾಡಿಸುವುದು ಬಿಡುವುದು ಅವರವರ ಇಚ್ಛೆ.

ಇದನ್ನು ಮಾಮಾನಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿ, “ಎಲ್ಲಾ ಬರ್ದಿ, ನಂದು ಎಷ್ಟು ಅಂತ ಬರೀಲಿಲ್ಲಲ್ಲೋ. ಮೂವತ್ತೊಂಬತ್ತು ಅಂತ ಬರಿ” ಅಂದರು. ಅದಕ್ಕೇ ಬರೆದೆ: 39.

ಅವ್ವ ಇನ್ನೂ ಪರೀಕ್ಷೆ ಮಾಡಿಸಿಲ್ಲ. “ತೊಗರಿ ರಾಶಿ ಆಗ್ಲಿ, ಆಮ್ಯಾಲ ನೋಡೋಣ” ಅಂತಾಳ.

— 10ನೇ ತರಗತಿಯ ಒಬ್ಬ ವಿದ್ಯಾರ್ಥಿ, ಕುಸನೂರ