ಮೆಟ್ಟಿಲ ಕೆಳಗಿನ ಟಿವಿಎಸ್ 50

ಬೈಯಪ್ಪನಹಳ್ಳಿಯಿಂದ ಹೊಸೂರಿಗೆ ಹೋಗುವ ರೈಲು ಕಗ್ಗದಾಸಪುರದ ಗೇಟು ದಾಟಿಕೊಂಡೇ ಹೋಗುತ್ತದೆ. ಗೇಟು ಬಿದ್ದಾಗ ಎರಡೂ ಕಡೆ ನಿಲ್ಲುವ ಗಾಡಿಗಳ ಸಾಲಿನಲ್ಲಿ ಇವತ್ತಿಗೂ ಒಂದೆರಡು ಟಿವಿಎಸ್ ಎಕ್ಸ್‌ಎಲ್ ಇದ್ದೇ ಇರುತ್ತವೆ. ಹಿಂದೆ ಸೊಪ್ಪಿನ ಮೂಟೆ, ಕಾಲ ಬಳಿ ನೀರಿನ ಕ್ಯಾನು. ಅದೇ ಹಳಿ ಹಿಡಿದು ಹೋದರೆ ಸಿಗುವ ಹೊಸೂರಿನಲ್ಲೇ, 1980ರಲ್ಲಿ, ಸುಂದರಂ ಕ್ಲೇಟನ್ ಕಂಪನಿಯ ಮೊಪೆಡ್ ವಿಭಾಗ ಟಿವಿಎಸ್ 50 ಗಾಡಿಯನ್ನು ಹೊರತಂದದ್ದು. ಇಬ್ಬರು ಕೂತು ಹೋಗಬಹುದಾದ ದೇಶದ ಮೊದಲ ಮೊಪೆಡ್ ಅದು.

ಬೆಂಗಳೂರಿನ ಈ ಪೂರ್ವಭಾಗ ಕಾರ್ಖಾನೆಯವರ ಸೀಮೆ. ಎಚ್‌ಎಎಲ್, ಎನ್‌ಜಿಇಎಫ್, ಬೆಮೆಲ್, ದೂರವಾಣಿನಗರದ ಐಟಿಐ. ಇಲ್ಲಿ ಶಿಫ್ಟಿಗೆ ಹೋಗಿಬರುತ್ತಿದ್ದವರಿಗೆ ಸೈಕಲ್ಲಿನಿಂದ ಒಂದು ಮೆಟ್ಟಿಲು ಮೇಲೇರಲು ಮೊಪೆಡ್ಡೇ ದಾರಿ. ಸ್ಕೂಟರಿಗೆ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ ಅದು. 1960ರ ದಶಕದಲ್ಲೇ ಫ್ರಾನ್ಸಿನ ಮೊಟೊಬೆಕಾನ್ ಕಂಪನಿಯ ಮಾದರಿಯ ಸುವೇಗಾ ಬಂದಿತ್ತು. 1972ರಲ್ಲಿ ಪುಣೆಯ ಕೈನೆಟಿಕ್ ಕಂಪನಿ ಇಟಲಿಯ ಪಿಯಾಜಿಯೊ ಮಾದರಿ ಇಟ್ಟುಕೊಂಡು ಲೂನಾ ತಂದಿತು. ಆಮೇಲೆ ಹೀರೊ ಮೆಜೆಸ್ಟಿಕ್, ಹೀರೊ ಪುಕ್. ಇವುಗಳಲ್ಲಿ ಅನೇಕ ಗಾಡಿಗಳು ಗುಜರಿಗೆ ಹೋದವು. ಉಳಿದವು ಕಗ್ಗದಾಸಪುರ, ಮಲ್ಲೇಶಪಾಳ್ಯ, ತಿಪ್ಪಸಂದ್ರದ ಮನೆಗಳಲ್ಲಿ ಮೆಟ್ಟಿಲ ಕೆಳಗೆ, ನೀರಿನ ಸಂಪಿನ ಪಕ್ಕ, ಹಳೆ ಸಿಮೆಂಟ್ ಚೀಲ ಹೊದ್ದುಕೊಂಡು ನಿಂತಿವೆ.

ಅಂಥದ್ದೊಂದನ್ನು ಮನೆಯಲ್ಲೇ ಮತ್ತೆ ಓಡಿಸಬಹುದೇ? ಖಂಡಿತ ಆಗುತ್ತದೆ. ನಿಂತ ಮೊಪೆಡ್ ಬಹುಪಾಲು ಕೆಟ್ಟಿರುವುದಿಲ್ಲ, ಕಟ್ಟಿಕೊಂಡಿರುತ್ತದೆ. ಕಟ್ಟಿದ್ದನ್ನು ಬಿಡಿಸಲು ಬೇಕಾದದ್ದು ನಾಲ್ಕಾರು ಸ್ಪ್ಯಾನರ್, ಒಂದು ಮ್ಯಾಗ್ನೆಟ್ ಪುಲ್ಲರ್, ಫೀಲರ್ ಗೇಜ್, ಜೊತೆಗೆ ಆತುರಪಡದ ಮನಸ್ಸು.

ಆತುರದ ಮಾತು ಯಾಕೆ ಬಂತೆಂದರೆ, ವರ್ಷಗಟ್ಟಲೆ ನಿಂತ ಗಾಡಿ ಕಂಡ ಕೂಡಲೇ ಎಲ್ಲರೂ ಮಾಡುವುದು ಒಂದೇ ಕೆಲಸ. ಪೆಟ್ರೋಲ್ ಹಾಕಿ ಪೆಡಲ್ ತುಳಿಯುವುದು. ಗಾಡಿ ಹಾಳಾಗುವುದೇ ಆಗ. ಸಿಲಿಂಡರಿನ ಗೋಡೆಗೆ ತೆಳುವಾಗಿ ತುಕ್ಕು ಹತ್ತಿರುತ್ತದೆ, ರಿಂಗುಗಳು ಪಿಸ್ಟನ್‌ನ ತೋಡಿನಲ್ಲಿ ಅಂಟಿರುತ್ತವೆ. ಬಲವಂತವಾಗಿ ತುಳಿದರೆ ಒಳಗೆ ಗೀರು ಬೀಳುತ್ತದೆ, ಇಲ್ಲವೇ ರಿಂಗು ಮುರಿಯುತ್ತದೆ. ಸುಮ್ಮನೆ ಬಿಟ್ಟಿದ್ದರೆ ಎಷ್ಟೋ ವರ್ಷ ಬಾಳುತ್ತಿದ್ದ ಸಿಲಿಂಡರಿಗೆ ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಬೇಕಾಗುತ್ತದೆ.

ಮೊದಲು ಪ್ಲಗ್ ಬಿಚ್ಚಬೇಕು. ಆ ತೂತಿನೊಳಗೆ ಎರಡು ಚಮಚ 2ಟಿ ಆಯಿಲ್, ಅಷ್ಟೇ ಡೀಸೆಲ್ ಬಿಟ್ಟು ನೆನೆಯಲು ಬಿಡಬೇಕು. ಹಿಂದೆ ಇದಕ್ಕೆ ಸೀಮೆಎಣ್ಣೆ ಇತ್ತು, ಈಗ ಬೆಂಗಳೂರಿನಲ್ಲಿ ಅದು ಸಿಗುವುದು ಕಷ್ಟ. ಕೆಲವು ದಿನ ಬಿಟ್ಟು ಮ್ಯಾಗ್ನೆಟ್ಟಿನ ಚಕ್ರವನ್ನು ಕೈಯಲ್ಲೇ ಹಿಂದಕ್ಕೆ ಮುಂದಕ್ಕೆ ಮೆಲ್ಲಗೆ ಆಡಿಸಿ ನೋಡಬೇಕು. ಒಂದು ಕೂದಲೆಳೆಯಷ್ಟು ಅಲುಗಾಡಿದರೂ ಪಿಸ್ಟನ್ ಬಿಟ್ಟುಕೊಳ್ಳುತ್ತಿದೆ ಎಂದೇ ಅರ್ಥ. ಅಲುಗದಿದ್ದರೆ ಮತ್ತೆ ಎಣ್ಣೆ, ಮತ್ತೆ ಕಾಯುವುದು. ಸುತ್ತಿಗೆಯ ಕೆಲಸ ಇಲ್ಲಿಲ್ಲ. ಪೂರ್ತಿ ತಿರುಗಿದ ಮೇಲೆ ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಇನ್ನೊಬ್ಬರಿಗೆ ಪೆಡಲ್ ತಿರುಗಿಸಲು ಹೇಳಿ. ಗಾಳಿ ಬೆರಳನ್ನು ತಳ್ಳಿಕೊಂಡು ಹೊರಬಂದರೆ ಕಂಪ್ರೆಶನ್ ಇದೆ, ಮುಂದಿನ ಕೆಲಸಕ್ಕೆ ಧೈರ್ಯವಾಗಿ ಇಳಿಯಬಹುದು.

ಟೂ ಸ್ಟ್ರೋಕ್ ಎಂಜಿನ್ ಎಷ್ಟು ಸರಳ ಎಂಬುದು ಬಿಚ್ಚಿದಾಗಲೇ ಗೊತ್ತಾಗುವುದು. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಕೆಳಗೆ ಆಯಿಲ್ ತುಂಬಿದ ತೊಟ್ಟಿಯೂ ಇಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಹೋಗುತ್ತ ಸಿಲಿಂಡರಿನ ಪಕ್ಕದ ಕಿಂಡಿಗಳನ್ನು ಮುಚ್ಚಿ ತೆರೆಯುತ್ತದೆ. ಕ್ರ್ಯಾಂಕು, ಬೇರಿಂಗು, ಪಿಸ್ಟನ್ ಎಲ್ಲಕ್ಕೂ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆ ಬೆರೆತು ಬರುವ 2ಟಿ ಆಯಿಲ್ಲಿನಿಂದ ಮಾತ್ರ. ಗಾಡಿ ನಿಂತುಹೋದಾಗ ಪೆಟ್ರೋಲ್ ಆವಿಯಾಗಿ, ಉಳಿದದ್ದು ಕಾರ್ಬೊರೇಟರಿನ ತಳದಲ್ಲಿ ಅಂಟಂಟಾಗಿ ಕೂರುತ್ತದೆ. ಜೆಟ್ಟಿನ ತೂತು ಬಹಳ ಸಣ್ಣದು. ಅದು ಮುಚ್ಚಿದರೆ ಪೆಟ್ರೋಲ್ ಎಂಜಿನ್ ಮುಟ್ಟುವುದೇ ಇಲ್ಲ. ಕಾರ್ಬೊರೇಟರನ್ನು ಪೂರ್ತಿ ಬಿಚ್ಚಿ, ಫ್ಲೋಟು, ನೀಡಲ್, ಜೆಟ್ಟು ಎಲ್ಲವನ್ನೂ ಪೆಟ್ರೋಲಿನಲ್ಲಿ ತೊಳೆದು, ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಬೇಕು. ಅದು ಹಿತ್ತಾಳೆಯದು, ಉಕ್ಕಿನ ಸೂಜಿ ತೂರಿಸಿದರೆ ತೂತು ದೊಡ್ಡದಾಗಿ ಅಳತೆ ಕೆಡುತ್ತದೆ. ಹಳೆ ವೈರಿನೊಳಗಿನ ತಾಮ್ರದ ಒಂದೇ ಒಂದು ಎಳೆ ಸಾಕು.

ಟ್ಯಾಂಕಿನ ತುಕ್ಕಿಗೆ ನಿಂಬೆಉಪ್ಪು ಸಾಕು. ಬಿಸಿನೀರಿನಲ್ಲಿ ಕರಗಿಸಿ ತುಂಬಿ, ಒಂದು ಹಿಡಿ ಹಳೆ ನಟ್ಟುಗಳನ್ನು ಹಾಕಿ ಅಲ್ಲಾಡಿಸಿ, ಒಂದು ರಾತ್ರಿ ಇಟ್ಟು ಚೆಲ್ಲಿ. ಆಮೇಲೆ ಅಡುಗೆ ಸೋಡಾದ ನೀರಿನಲ್ಲಿ ಜಾಲಿಸಿ, ಬಿಸಿಲಿಗಿಟ್ಟು, ಒಣಗಿದೊಡನೆ ಒಳಗೆಲ್ಲ 2ಟಿ ಆಯಿಲ್ ಸವರಿದಂತೆ ಹರಿಸಿಬಿಡಬೇಕು. ತಡಮಾಡಿದರೆ ಹೊಸ ತುಕ್ಕು ಮತ್ತೆ ಹತ್ತುತ್ತದೆ. ನಟ್ಟುಗಳನ್ನು ಹಾಕುವಾಗಲೂ ತೆಗೆಯುವಾಗಲೂ ಎಣಿಸಿಕೊಳ್ಳಿ.

ಇನ್ನು ಕಿಡಿ. ಕಗ್ಗದಾಸಪುರ ಕೆರೆಯ ಕಡೆಯ ಬೀದಿಯಲ್ಲಿರುವ ಒಬ್ಬ ನಿವೃತ್ತ ಫಿಟ್ಟರ್ ಈ ಕೆಲಸ ಮಾಡುವುದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಮ್ಯಾಗ್ನೆಟ್ ಕಳಚಲು ಪುಲ್ಲರನ್ನೇ ಹಾಕಿದರು, ಚಾಣ ಹಿಡಿದು ಮೀಟಲಿಲ್ಲ. ಒಳಗಿದ್ದ, ಕಿಡಿಗಾಗಿ ತೆರೆದು ಮುಚ್ಚುವ ಪಾಯಿಂಟಿನ ಎರಡು ಮುಖಗಳೂ ಬೂದುಬಣ್ಣಕ್ಕೆ ತಿರುಗಿದ್ದವು. ನಯವಾದ ಎಮರಿ ಪೇಪರನ್ನು ಬೆರಳಗಲ ಕತ್ತರಿಸಿ ಎರಡರ ನಡುವೆ ಇಟ್ಟು, ಮೆಲ್ಲಗೆ ಒತ್ತಿ ಎಳೆದರು. ಲೋಹ ಹೊಳೆಯಿತು. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಎಮರಿಯ ಪುಡಿಯನ್ನೆಲ್ಲ ಒರೆಸಿದರು. ಆಮೇಲೆ ಫೀಲರ್ ಗೇಜಿನ 0.4 ಮಿ.ಮೀ. ಪಟ್ಟಿಯನ್ನು ತೂರಿಸಿ, ಅದು ಬಿಗಿಯಾಗಿಯೂ ಅಲ್ಲ ಸಡಿಲವಾಗಿಯೂ ಅಲ್ಲ ಎಂಬಂತೆ ಜಾರುವವರೆಗೆ ಸ್ಕ್ರೂ ತಿರುಗಿಸಿದರು. ನನ್ನ ಕೈಗೂ ಪಟ್ಟಿ ಕೊಟ್ಟು ಆ ಹಿಡಿತ ತೋರಿಸಿದರು. ಪುಸ್ತಕದಲ್ಲಿ ಅಂಕಿ ಸಿಗುತ್ತದೆ. ಹಿಡಿತ ಹೀಗೆ ಪಕ್ಕದಲ್ಲಿ ಕೂತವರಿಗೇ ಸಿಗುವುದು. ಎಚ್‌ಎಎಲ್, ಎನ್‌ಜಿಇಎಫ್‌ನಲ್ಲಿ ದುಡಿದ ಇಂಥ ಕೈಗಳು ಈ ಬೀದಿಗಳಲ್ಲಿ ಇನ್ನೂ ಇವೆ, ಕೇಳುವವರು ಕಡಿಮೆ.

ಪ್ಲಗ್ಗಿನ ಎರಡು ತುದಿಗಳ ನಡುವೆ 0.5ರಿಂದ 0.6 ಮಿ.ಮೀ. ಅಂತರ ಇಟ್ಟು, ಅದನ್ನು ಎಂಜಿನ್ನಿನ ಮೈಗೆ ತಾಗಿಸಿ ಪೆಡಲ್ ತಿರುಗಿಸಿದಾಗ ನೀಲಿ ಕಿಡಿ ಬರಬೇಕು. ಮಂಕಾದ ಹಳದಿ ಕಿಡಿ ಬಂದರೆ ಮೊದಲು ಕಂಡೆನ್ಸರ್ ಬದಲಿಸಿ ನೋಡಿ. ಪ್ಲಗ್ಗಿನ ತೂತಿನಿಂದ ಪೆಟ್ರೋಲ್ ಆವಿ ಬರುತ್ತಿರುವಾಗ ಈ ಪರೀಕ್ಷೆ ಬೇಡ. ನಮ್ಮ ಮನೆಗಳ ಮೆಟ್ಟಿಲ ಕೆಳಗೇ ಪಂಪಿನ ಸ್ವಿಚ್ಚು, ಕರೆಂಟ್ ಮೀಟರು ಎಲ್ಲ ಇರುವುದರಿಂದ ಪೆಟ್ರೋಲಿನ ಕೆಲಸವನ್ನು ಅಂಗಳಕ್ಕೋ ತಾರಸಿಗೋ ಒಯ್ಯಬೇಕು. ಎಂಜಿನ್ ಸ್ಟಾರ್ಟ್ ಮಾಡುವುದೂ ಬಯಲಿನಲ್ಲೇ ಆಗಲಿ, ಮುಚ್ಚಿದ ಜಾಗದಲ್ಲಿ ಆ ಹೊಗೆ ಜೀವ ತೆಗೆಯುತ್ತದೆ.

ಸ್ಟಾರ್ಟ್ ಮಾಡುವ ದಿನ ಟ್ಯಾಂಕಿನ ಬದಲು ಆಸ್ಪತ್ರೆಯ ಡ್ರಿಪ್ ಬಾಟಲಿಯಂಥದ್ದನ್ನು ಹ್ಯಾಂಡಲ್ಲಿಗೆ ತೂಗುಹಾಕುವುದು ಮೆಕ್ಯಾನಿಕ್‌ಗಳ ರೂಢಿ. ಒಳಗೆ ಎಷ್ಟು ಪೆಟ್ರೋಲ್ ಇಳಿಯುತ್ತಿದೆ ಎಂದು ಕಣ್ಣಿಗೆ ಕಾಣುತ್ತದೆ, ಟ್ಯಾಂಕಿನ ಕಸ ಕಾರ್ಬೊರೇಟರಿಗೆ ಹೋಗುವ ಭಯವಿಲ್ಲ. ಆಯಿಲ್ ಮಾತ್ರ ಮರೆಯುವಂತಿಲ್ಲ. ಹಳೆ ಮೊಪೆಡ್‌ಗಳ ಲೆಕ್ಕ ಲೀಟರಿಗೆ ಸುಮಾರು 40 ಮಿ.ಲೀ. ಇಂದಿನ 2ಟಿ ಆಯಿಲ್‌ಗೆ 20 ಮಿ.ಲೀ. ಸಾಕು ಎನ್ನುತ್ತಾರಾದರೂ, ಬಹುಕಾಲ ಒಣಗಿದ ಎಂಜಿನ್ನಿಗೆ ಮೊದಲ ಲೀಟರಿನಲ್ಲಿ ಧಾರಾಳವಾಗಿ ಹಾಕುವುದೇ ಒಳ್ಳೆಯದು. ಮೊದಲಿಗೆ ಹೊಗೆ ದಟ್ಟವಾಗಿ ಬರುತ್ತದೆ. ನೆನೆಯಲು ಬಿಟ್ಟ ಎಣ್ಣೆಯೆಲ್ಲ ಸುಡಬೇಕಲ್ಲ, ಗಾಬರಿ ಬೇಡ.

ಗಾಬರಿಪಡಬೇಕಾದ್ದು ಬೇರೆ. ಎಕ್ಸಲರೇಟರ್ ಬಿಟ್ಟ ಮೇಲೂ ಎಂಜಿನ್ ತಾನಾಗಿ ಜೋರಾಗಿ ಓಡತೊಡಗಿದರೆ ಕೂಡಲೇ ಆಫ್ ಮಾಡಿ. ಕೇಬಲ್ ಸಿಕ್ಕಿಕೊಂಡಿಲ್ಲ ಎಂದಾದರೆ ಕ್ರ್ಯಾಂಕಿನ ಪಕ್ಕದ ಆಯಿಲ್ ಸೀಲ್ ಒಣಗಿ ಬಿರುಕುಬಿಟ್ಟು, ಅಲ್ಲಿಂದ ಗಾಳಿ ಎಳೆದುಕೊಳ್ಳುತ್ತಿರಬಹುದು. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ, ಅದರ ಜೊತೆ ಬರುವ ಎಣ್ಣೆಯೂ ಕಡಿಮೆಯಾಗುತ್ತದೆ. ಎಂಜಿನ್ ಕಾದು ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಸೀಲಿನ ಬೆಲೆ ಅಲ್ಪ, ಅದನ್ನು ಬದಲಿಸದೆ ಓಡಿಸಿದರೆ ತೆರಬೇಕಾದದ್ದು ದೊಡ್ಡದು. ಸ್ಟಾರ್ಟ್ ಆಗಿಯೂ ಎಳೆಯದಿದ್ದರೆ ಸೈಲೆನ್ಸರ್ ಬಿಚ್ಚಿ ನೋಡಿ. ಕಾರ್ಬನ್ ಕಟ್ಟಿ ಹೊಗೆ ಹೋಗುವ ದಾರಿಯೇ ಮುಚ್ಚಿರುತ್ತದೆ. ಟೈರು, ಟ್ಯೂಬು, ಬ್ರೇಕ್ ಶೂ, ಕೇಬಲ್‌ಗಳ ಬಗ್ಗೆ ಯೋಚನೆಯೇ ಬೇಡ, ನೋಡಲು ಚೆನ್ನಾಗಿದ್ದರೂ ಹೊಸದು ಹಾಕಿ.

ಬಿಡಿಭಾಗಕ್ಕೆ ಜೆ.ಸಿ. ರಸ್ತೆಯ ಅಂಗಡಿಗಳಿವೆ, ಅಲ್ಲಿ ಸಿಗದ್ದಕ್ಕೆ ಶಿವಾಜಿನಗರದ ಗುಜರಿ. ಹಳೆಯ ಭಾಗವನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ಹೆಸರು ಹೇಳಿದರೆ ಸಾಲದು. ಲೂನಾ, ಸುವೇಗಾಗಳಿಗೆ ಹೋಲಿಸಿದರೆ ಟಿವಿಎಸ್‌ನವರು ಅದೃಷ್ಟವಂತರು. ಎಕ್ಸ್‌ಎಲ್ ರೂಪದಲ್ಲಿ ಟೂ ಸ್ಟ್ರೋಕ್ ಮೊಪೆಡ್ ಬಹಳ ವರ್ಷ ನಡೆಯಿತು. ಫೋರ್ ಸ್ಟ್ರೋಕ್ ಎಕ್ಸ್‌ಎಲ್ 100 ಬಂದದ್ದು 2015ರಲ್ಲಿ.

ಈಗಿನ ಪೆಟ್ರೋಲಿನ ಬಗ್ಗೆ ಒಂದು ಮಾತು. 2023ರಿಂದ ಬಂಕುಗಳಿಗೆ ಬರತೊಡಗಿ ಈಗ ಎಲ್ಲೆಡೆ ಹರಡಿರುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುತ್ತದೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಹಳೆ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಪೆಟ್ರೋಲ್ ಪೈಪನ್ನು ಹೊಸದಾಗಿ ಹಾಕಿಸಿ. ಕೆಲವು ವಾರ ಗಾಡಿ ತೆಗೆಯುವುದಿಲ್ಲ ಎಂದಾದರೆ ಟ್ಯಾಪ್ ಮುಚ್ಚಿ, ಕಾರ್ಬೊರೇಟರ್ ಖಾಲಿಯಾಗಿ ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಿಬಿಡಿ.

ಗಾಡಿ ಓಡಿತು ಎಂದ ಮಾತ್ರಕ್ಕೆ ರಸ್ತೆಗಿಳಿಸುವಂತಿಲ್ಲ. ನೋಂದಣಿಯ ಅವಧಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಗಾಡಿಯನ್ನು ಆರ್‌ಟಿಒಗೆ ತೋರಿಸಬೇಕು, ಹಸಿರು ತೆರಿಗೆ ಕಟ್ಟಬೇಕು, ವಿಮೆ ಬೇಕು, ಹೊಸ ಮಾದರಿಯ ಸುರಕ್ಷಿತ ನಂಬರ್ ಪ್ಲೇಟೂ ಬೇಕು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿದೆ. 50 ವರ್ಷ ದಾಟಿ ಮೂಲರೂಪದಲ್ಲೇ ಇರುವ ಗಾಡಿಗೆ ‘ವಿಎ’ ಅಕ್ಷರಗಳಿರುವ ನಂಬರ್ ಸಿಗುತ್ತದೆ, ಶುಲ್ಕ 20,000 ರೂಪಾಯಿ. ಆದರೆ ಆ ನಂಬರಿನಲ್ಲಿ ದಿನನಿತ್ಯ ಓಡಾಡುವಂತಿಲ್ಲ, ಪ್ರದರ್ಶನ, ರ‍್ಯಾಲಿ ಮುಂತಾದವಕ್ಕೆ ಮಾತ್ರ. ಮೊದಲ ವರ್ಷಗಳ ಲೂನಾ ಈ ಲೆಕ್ಕಕ್ಕೆ ಬಂದಾಗಿದೆ. ಟಿವಿಎಸ್ 50ರ ಮೊದಲ ಗಾಡಿಗಳೂ 2030ರವರೆಗೆ ಕಾಯಬೇಕು. ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಬೀರುವಿನಲ್ಲಿ ಆರ್‌ಸಿ ಪುಸ್ತಕ ಹುಡುಕಿ, ಅದರಲ್ಲಿರುವ ಚಾಸಿ ನಂಬರನ್ನು ಗಾಡಿಯ ಮೇಲಿನದರ ಜೊತೆ ಹೋಲಿಸಿ ನೋಡಿ.

ಈಗಲೇ ಇಷ್ಟೆಲ್ಲ ಮಾಡಲು ಬಿಡುವಿಲ್ಲದವರು ಒಂದು ಕೆಲಸವನ್ನಾದರೂ ಮಾಡಿಡಿ. ಪ್ಲಗ್ ಬಿಚ್ಚಿ ಎರಡು ಚಮಚ ಎಣ್ಣೆ ಬಿಟ್ಟು ಮತ್ತೆ ಮುಚ್ಚಿ, ಸ್ಟ್ಯಾಂಡ್ ಹಾಕಿ ಚಕ್ರಗಳನ್ನು ನೆಲದಿಂದ ಎತ್ತಿಡಿ. ಗುಜರಿಯವರು ಬಾಗಿಲಿಗೆ ಬಂದರೆ ಮಾರಬೇಡಿ.